ಉಲ್ಕೆ ನೋಡಲು ಪೆಂಡಾಲ್ ಯಾಕೆ ಬೇಕಿತ್ತು?

ಮಾನ್ಯ ಸಂಪಾದಕರೇ,

ಸೋಮವಾರದ ನಿಮ್ಮ ಪತ್ರಿಕೆಯಲ್ಲಿ ‘ಉಲ್ಕಾಮಳೆ ಕಣ್ತುಂಬಿಕೊಂಡ ನಾಗರಿಕರು’ ಅಂತ ದೊಡ್ಡ ಸುದ್ದಿ ಬಂದಿದೆ. ಯಾವ ನಾಗರಿಕರು, ಯಾವ ಉಲ್ಕೆ? 2025ರ ಡಿಸೆಂಬರ್ 13ರ ಶನಿವಾರ ರಾತ್ರಿ, ಉಲ್ಕೆ ತೋರಿಸುವ ಕಾರ್ಯಕ್ರಮ ಇಟ್ಟಿದ್ದ ನಮ್ಮ ವಿಜಯಪುರದ ಆ ಕೆರೆ ದಂಡೆಯಲ್ಲಿ ನಾನೂ ಇದ್ದೆ. ಕಣ್ಣು ತುಂಬಿದ್ದು ಹ್ಯಾಲೋಜನ್ ಬೆಳಕು, ಕಿವಿ ತುಂಬಿದ್ದು ಭಾಷಣ. ವರದಿ ಬರೆದವರು ಸ್ವಾಗತ ಭಾಷಣ ಮುಗಿಯುತ್ತಲೇ ಬೈಕ್ ಹತ್ತಿರಬೇಕು.

ಸುದ್ದಿಯ ಜೊತೆ ಹಾಕಿದ ಫೋಟೊ ಬಗ್ಗೆಯೂ ಒಂದು ಮಾತು. ಆಕಾಶದ ತುಂಬ ಗುಂಡಗೆ ಗೆರೆಗಳಿವೆಯಲ್ಲ, ಅವು ಉಲ್ಕೆ ಅಲ್ಲ ಸ್ವಾಮಿ. ಗಂಟೆಗಟ್ಟಲೆ ತೆಗೆದ ಫೋಟೊಗಳನ್ನು ಒಂದರ ಮೇಲೊಂದು ಜೋಡಿಸಿದಾಗ ಕಾಣುವ ನಕ್ಷತ್ರದ ಗೆರೆಗಳು. ಭೂಮಿ ತಿರುಗುವುದರಿಂದ ಹಾಗೆ ಬರುತ್ತವೆ. ಉಲ್ಕೆ ಗುಂಡಗೆ ಸುತ್ತುವುದಿಲ್ಲ, ನೇರ ಗೆರೆ ಎಳೆದು ಮಾಯವಾಗುತ್ತದೆ. ಯಾರೋ ಮೊಬೈಲ್‌ಗೆ ಇಳಿಸಿ ಕೊಟ್ಟಿದ್ದನ್ನು ಹಾಗೇ ಅಚ್ಚು ಹಾಕಿದ್ದೀರಿ. ಸ್ಟುಡಿಯೋ ಇಟ್ಟುಕೊಂಡವನು ನಾನು, ಇಂಥದ್ದು ಕಂಡರೆ ಸುಮ್ನೆ ಇರಲಿಕ್ಕೆ ಆಗುವುದಿಲ್ಲ.

ಈಗ ಕಾರ್ಯಕ್ರಮಕ್ಕೆ ಬರೋಣ. ಆಕಾಶ ನೋಡಲು ಬನ್ನಿ ಅಂತ ಊರಿಗೆಲ್ಲ ಕರೆ ಕೊಟ್ಟು, ಬಂದವರ ತಲೆ ಮೇಲೆ ಬಟ್ಟೆ ಕಟ್ಟಿದ್ದರು! ಕೆಂಪು, ಹಳದಿ ಪಟ್ಟಿಯ ಪೆಂಡಾಲ್, ಸುತ್ತಲೂ ಝಾಲರಿ. ಅದರೊಳಗೆ ಸಾಲಾಗಿ ಕುರ್ಚಿ. ಇಬ್ಬನಿ ಬಿದ್ದು ಗಣ್ಯರಿಗೆ ನೆಗಡಿ ಆಗಬಾರದು, ಅಲ್ವಾ? ಸಾಲದ್ದಕ್ಕೆ ಸುತ್ತ ಹ್ಯಾಲೋಜನ್, ವೇದಿಕೆ ಹಿಂದೆ ಮನೆಯಷ್ಟು ಎತ್ತರದ ಎಲ್‌ಇಡಿ ಪರದೆ. ಪರದೆ ಮೇಲೆ ಉಲ್ಕಾಮಳೆಯ ವಿಡಿಯೊ ಓಡುತ್ತಿತ್ತು. ನೋಡುವುದಾದರೆ ಅದನ್ನೇ ನೋಡಿ ಅಂತ ಇರಬೇಕು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಉಲ್ಕೆ ನೋಡಲು ಬೇಕಾದದ್ದು ಕತ್ತಲು ಮತ್ತು ತಾಳ್ಮೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ನಡುವೆ ಒಬ್ಬ ಟಾರ್ಚ್ ಬಿಟ್ಟರೆ ಮತ್ತೆ ಮೊದಲಿನಿಂದ ಶುರು. ಟೆಲಿಸ್ಕೋಪ್ ಬೇಕೇ ಇಲ್ಲ. ಟೆಲಿಸ್ಕೋಪಿಗೆ ಕಾಣುವುದು ಆಕಾಶದ ಬೆರಳಗಲ ಜಾಗ, ಉಲ್ಕೆ ಎಲ್ಲಿ ಬೇಕಾದರೂ ಹಾಯಬಹುದು. ಆದರೆ ಇಲ್ಲಿ ಒಂದೇ ಟೆಲಿಸ್ಕೋಪ್ ಇಟ್ಟು ಅದರ ಮುಂದೆ ರೇಷನ್ ಅಂಗಡಿ ಸಾಲು ನಿಲ್ಲಿಸಿದ್ದರು. ಟೆಲಿಸ್ಕೋಪ್ ತಂದ ಹುಡುಗನದು ತಪ್ಪಲ್ಲ. ಪಾಪ, ಗುರುಗ್ರಹ ತೋರಿಸುತ್ತಿದ್ದ, ಚೆನ್ನಾಗಿಯೇ ತೋರಿಸಿದ. ಈ ಸಲ ಗುರು ಮಿಥುನ ರಾಶಿಯಲ್ಲೇ ಇದ್ದ, ಉಲ್ಕೆಗಳು ಹೊರಟು ಬಂದಂತೆ ಕಾಣುವ ಕಡೆಯೇ. ಆದರೆ ಸಾಲಿನಲ್ಲಿ ನಿಂತ ಮಂದಿ ಅದರೊಳಗೇ ಉಲ್ಕೆ ಕಾಣುತ್ತದೆ ಅಂದುಕೊಂಡಿದ್ದರು. ಹಾಗಲ್ಲ ಅಂತ ಮೈಕಿನಲ್ಲಿ ಹೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ. ಮೈಕಿಗೆ ಬೇರೆ ಕೆಲಸ ಇತ್ತು.

ಆ ಮೈಕಿನಲ್ಲಿ ಬಂದ ಜ್ಞಾನವೋ! ಒಬ್ಬರು ‘ಇಂದು ರಾತ್ರಿ ನೂರಾರು ನಕ್ಷತ್ರಗಳು ಕಳಚಿ ಬೀಳಲಿವೆ’ ಅಂದರು. ಇನ್ನೊಬ್ಬರು ಧೂಮಕೇತು ಭೂಮಿಗೆ ಹತ್ತಿರ ಬಂದಿದೆ, ಹೆದರಬೇಡಿ ಅಂದರು. ಯಾವ ಧೂಮಕೇತು? ಬಹಳಷ್ಟು ಉಲ್ಕಾಮಳೆಗೆ ಧೂಮಕೇತುವಿನ ಧೂಳು ಕಾರಣ, ನಿಜ. ಆದರೆ ಡಿಸೆಂಬರ್ 13-14ರ ಈ ಜೆಮಿನಿಡ್ ಉಲ್ಕಾಮಳೆಯೇ ಬೇರೆ. ಇದರ ಮೂಲ ಫೇಥಾನ್ ಎಂಬ ಕ್ಷುದ್ರಗ್ರಹ, 1983ರಲ್ಲಿ ಪತ್ತೆಯಾದದ್ದು. ಅದು ಬಿಟ್ಟುಹೋದ ಮರಳು, ಕಡಲೆ ಕಾಳಿನಷ್ಟು ಚೂರುಗಳು ಸೆಕೆಂಡಿಗೆ 35 ಕಿಲೋಮೀಟರ್ ವೇಗದಲ್ಲಿ ನಮ್ಮ ಗಾಳಿಗೆ ನುಗ್ಗುತ್ತವೆ. ಆ ವೇಗಕ್ಕೆ ಇಲ್ಲಿಂದ ಸೊಲ್ಲಾಪುರ ಮೂರೇ ಸೆಕೆಂಡು. ನೂರು ಕಿಲೋಮೀಟರ್ ಆಸುಪಾಸು ಎತ್ತರದಲ್ಲೇ ಉರಿದು ಹೋಗುತ್ತವೆ. ಯಾರ ತಲೆ ಮೇಲೂ ಬೀಳುವುದಿಲ್ಲ, ವೇದಿಕೆ ಮೇಲಿದ್ದವರ ತಲೆ ಮೇಲೂ.

ಸೇಬಿನ ಹಾರ, ಶಾಲು, ಸನ್ಮಾನ ಎಲ್ಲ ಆಯಿತು. ನಡುವೆ ಪೆಂಡಾಲಿನ ಅಂಚಿಗೆ ಅಜ್ಜಿ ಜೊತೆ ಕೌದಿ ಹೊದ್ದು ಕೂತಿದ್ದ ಒಂದು ಶಾಲೆ ಹುಡುಗಿ ‘ಅಲ್ಲೆ ನೋಡ್ರಿ, ಅಲ್ಲೆ!’ ಅಂತ ಎದ್ದು ಕೂಗಿತು. ಅಷ್ಟು ಬೆಳಕಿನಲ್ಲೂ ಆ ಮಗುವಿಗೆ ಒಂದು ಕಂಡಿತ್ತು. ತಕ್ಷಣ ಮೈಕಿನಿಂದ ಬಂತು: ‘ಯಾರೂ ಗದ್ದಲ ಮಾಡಬಾರದು, ಅಧ್ಯಕ್ಷೀಯ ನುಡಿ ನಡೆದಿದೆ.’ ಆ ಸಂಜೆ ಉಲ್ಕೆ ನೋಡಿದ್ದು ಅದೊಂದೇ ಮಗು ಇರಬೇಕು, ಅದನ್ನೂ ಕೂರಿಸಿದರು.

ನನ್ನ ಪಾಡು ಕೇಳಿ. ಭಾನುವಾರ ಬೆಳಿಗ್ಗೆಯದೊಂದು ಕುಬುಸದ (ಸೀಮಂತದ) ಫೋಟೊ ಆರ್ಡರ್ ಇತ್ತು. ರಾತ್ರಿಯೆಲ್ಲ ಎಚ್ಚರ ಇರಬೇಕು ಅಂತ ಅದನ್ನು ಗೆಳೆಯನಿಗೆ ಬಿಟ್ಟುಕೊಟ್ಟೆ. ಆಗಸ್ಟ್ 12-13ರ ಪರ್ಸೀಡ್ ಉಲ್ಕಾಮಳೆ ನಮಗೆ ಮೋಡದಲ್ಲೇ ಹೋಗುತ್ತದೆ. ಹೋದ ವರ್ಷದ ಜೆಮಿನಿಡ್ ಹುಣ್ಣಿಮೆ ಎದುರಿಗೆ ಸಿಕ್ಕು ಹಾಳಾಯಿತು. ಈ ಸಲ ಚಂದ್ರ ಏಳುವುದೇ ನಡುರಾತ್ರಿ ದಾಟಿದ ಮೇಲೆ, ಮೋಡ ಇಲ್ಲ, ಚಳಿಯೂ ತಡೆಯುವಷ್ಟೇ. ದೂರದಲ್ಲಿ ಗೋಳಗುಮ್ಮಟ ಕಪ್ಪಗೆ, ಮೇಲೆ ಉಲ್ಕೆ ಬರುವ ಹಾಗೆ ಒಂದು ಫ್ರೇಮ್ ಮನಸ್ಸಿನಲ್ಲಿತ್ತು. ದಂಡೆಯ ಆ ಮೂಲೆಯನ್ನು ಮೊದಲೇ ನೋಡಿಟ್ಟುಕೊಂಡು ಬಂದಿದ್ದೆ. ಅದೇ ಮೂಲೆಯಲ್ಲಿ ಇವರ ಜನರೇಟರ್ ನಿಂತಿತ್ತು.

ಇದಕ್ಕೆ ಕ್ಯಾಮೆರಾ ಹೊಂದಿಸುವುದು ಲಗ್ನದ ಫೋಟೊ ತೆಗೆದ ಹಾಗಲ್ಲ. ಟ್ರೈಪಾಡ್ ಗಟ್ಟಿಯಾಗಿ ಊರಬೇಕು. ವೈಡ್ ಲೆನ್ಸ್, ಅಪರ್ಚರ್ (ಬೆಳಕು ಒಳಬಿಡುವ ಕಿಂಡಿ) ಪೂರ್ತಿ ತೆರೆದು, ಐಎಸ್‌ಒ (ಬೆಳಕು ಹಿಡಿಯುವ ಸೂಕ್ಷ್ಮತೆ) 3200 ಇಟ್ಟು ಇಪ್ಪತ್ತು ಸೆಕೆಂಡು ಶಟರ್ ತೆರೆದಿಡಬೇಕು. ಆಟೋ ಫೋಕಸ್ ಕತ್ತಲಲ್ಲಿ ಕೆಲಸಕ್ಕೆ ಬಾರದು. ಒಂದು ಹೊಳೆಯುವ ನಕ್ಷತ್ರವನ್ನು ಪರದೆಯಲ್ಲಿ ದೊಡ್ಡದು ಮಾಡಿ, ಅದು ಸೂಜಿಮೊನೆಯಷ್ಟು ಆಗುವ ತನಕ ಕೈಯಿಂದ ರಿಂಗ್ ತಿರುಗಿಸಬೇಕು. ಆಮೇಲೆ ಒಂದರ ಹಿಂದೆ ಒಂದು ಫೋಟೊ ತಾನೇ ತೆಗೆಯುವ ಹಾಗೆ ಟೈಮರ್ ಇಟ್ಟು ಕಾಯುವುದು. ಉಲ್ಕೆ ಯಾವ ಫೋಟೊದಲ್ಲಿ ಬರುತ್ತದೋ ಬ್ರಹ್ಮನಿಗೂ ಗೊತ್ತಿಲ್ಲ. ನಡುನಡುವೆ ಲೆನ್ಸ್ ಮೇಲೆ ಕೂತ ಇಬ್ಬನಿ ಒರೆಸುತ್ತಿರಬೇಕು. ಇಷ್ಟೆಲ್ಲ ಮಾಡಿ ಮೊದಲ ಫೋಟೊ ನೋಡಿದರೆ ಪೂರ್ತಿ ಬಿಳಿ. ಐದು ಸೆಕೆಂಡಿಗೆ ಇಳಿಸಿದರೂ ಬಿಳಿ. ಕೊನೆಗೆ ಒಂದರಲ್ಲಿ ಸಣ್ಣ ಗೆರೆ ಸಿಕ್ಕಿತು. ಅದೇ ಫೋಟೊದ ಮೇಲ್ಗಡೆ ಪೆಂಡಾಲಿನ ಝಾಲರಿ, ಪಕ್ಕಕ್ಕೆ ಬ್ಯಾನರಿನಲ್ಲಿ ಕೈಮುಗಿದು ನಿಂತ ಒಬ್ಬರ ಅರ್ಧ ಮೀಸೆ. ಬೇಕಾದರೆ ಕಳಿಸುತ್ತೇನೆ, ಅಚ್ಚು ಹಾಕಿ.

ಲೈಟಿನ ಹುಡುಗನ ಹತ್ತಿರ ಹೋಗಿ ‘ತಮ್ಮಾ, ಹತ್ತು ನಿಮಿಷ ಆರಿಸಪ್ಪಾ’ ಅಂದೆ. ‘ಸಾಹೇಬ್ರು ಹೇಳಿದ ಹೊರ್ತು ಆರ್ಸಂಗಿಲ್ರಿ ಅಣ್ಣಾರ. ಕತ್ತಲಾದ್ರ ಮಂದಿಗೆ ಏನ್ ಕಾಣತೈತಿ?’ ಅಂದ. ಸಾಹೇಬರನ್ನು ಕೇಳಿದರೆ, ದೀಪ ತಮ್ಮದಲ್ಲ, ಬೇರೆಯವರು ಹಾಕಿಸಿದ್ದು ಅಂದರು. ಆ ಬೇರೆಯವರು ಮತ್ತೊಬ್ಬರ ಕಡೆ ಕೈ ತೋರಿಸಿದರು. ದೀಪದ ಬಿಲ್ ಎತ್ತುವಾಗಲೂ ಹೀಗೇ ‘ನಮ್ಮದಲ್ಲ’ ಅನ್ನುತ್ತಾರಾ?

ಇದಕ್ಕಿಂತ ದೊಡ್ಡ ತಮಾಷೆ ಆಮೇಲಿನದು. ಜೆಮಿನಿಡ್ ಚೆನ್ನಾಗಿ ಕಾಣುವುದು ರಾತ್ರಿ ಹತ್ತರ ನಂತರ. ಉಲ್ಕೆಗಳು ಹೊರಟು ಬಂದಂತೆ ಕಾಣುವ ಕಡೆ ಇರುವ ಪುನರ್ವಸು ನಕ್ಷತ್ರ ಮೇಲೇರಿದಷ್ಟೂ ಉಲ್ಕೆ ಜಾಸ್ತಿ, ಎರಡು ಗಂಟೆ ಹೊತ್ತಿಗೆ ಅದು ನೆತ್ತಿ ಹತ್ತಿರ ಬರುತ್ತದೆ. ಒಳ್ಳೆ ಕತ್ತಲಿದ್ದರೆ ಗಂಟೆಗೆ ನೂರರ ತನಕ ಕಂಡಾವು. ಇವರು ಏಳಕ್ಕೆ ಶುರು ಮಾಡಿ ಹತ್ತಕ್ಕೆ ವಂದನಾರ್ಪಣೆ ಮುಗಿಸಿದರು. ಮುಗಿದ ಕೂಡಲೇ ಬಂದೋಬಸ್ತಿನವರು ಸೀಟಿ ಊದಿ ‘ಪ್ರೋಗ್ರಾಮ್ ಮುಗೀತ್ರಿ, ನಡೀರಿ ನಡೀರಿ’ ಅಂತ ದಂಡೆಯಿಂದ ಎಲ್ಲರನ್ನೂ ಎಬ್ಬಿಸಿದರು. ಈಗ ಶುರುವಾಗುತ್ತದೆ ಅಂತ ಹೇಳಿದರೆ ನನ್ನನ್ನೇ ಅನುಮಾನದಿಂದ ನೋಡಿದರು. ದೀಪ ಮಾತ್ರ ಉರಿಯುತ್ತಲೇ ಇತ್ತು, ಪೆಂಡಾಲ್ ಬಿಚ್ಚಬೇಕಲ್ಲ.

ಅಲ್ಲಿಂದ ಸೊಲ್ಲಾಪುರ ರಸ್ತೆ ಹಿಡಿದೆ. ಎದುರಿಗೆ ಬರುವ ಪ್ರತಿ ಲಾರಿಯೂ ಹೈಬೀಮ್. ಎಲ್ಲಿ ನಿಂತರೂ ಒಂದು ಧಾಬಾ, ಇಲ್ಲ ಒಂದು ಪೆಟ್ರೋಲ್ ಬಂಕು. ಜೋಳದ ಹೊಲದ ಬದುವಿನಲ್ಲಿ ಜಾಗ ಹುಡುಕಿದರೆ ನಾಯಿಗಳ ಹಿಂಡು ಬೆನ್ನು ಹತ್ತಿತು. ಟ್ರೈಪಾಡ್ ಬೀಸಿ ಬಚಾವಾದೆ, ಅದರ ಒಂದು ಕಾಲಿನ ಲಾಕ್ ಮುರಿಯಿತು. ಇಷ್ಟರಲ್ಲಿ ಮನೆಯಿಂದ ನಾಲ್ಕಾರು ಫೋನು. ಕೊನೆಗೊಂದು ಕತ್ತಲೆ ಜಾಗ ಸಿಗುವ ಹೊತ್ತಿಗೆ ಚಂದ್ರ ಎದ್ದ. ಬೀದಿನಾಯಿ ಬಗ್ಗೆ ನಾನು ಇದೇ ಅಂಕಣಕ್ಕೆ ಹಿಂದೆ ಬರೆದಿದ್ದೆ, ನೀವು ಅಚ್ಚು ಹಾಕಿದ್ದಿರಿ ಕೂಡ. ಏನಾಯಿತು? ನಾಯಿಗಳು ಇನ್ನೂ ದಪ್ಪಗಾಗಿವೆ.

ದೀಪದ ಮಾತು ಬಂತು ಅಂತ ಹೇಳುತ್ತೇನೆ. ಇಂಡಿ ರಸ್ತೆ ಕಡೆಯ ನಮ್ಮ ಓಣಿಯ ಕಂಬದ ದೀಪ ಹೋಗಿ ಎಷ್ಟು ತಿಂಗಳಾಯಿತೋ. ದೂರು ಕೊಟ್ಟರೆ ನಂಬರ್ ಕೊಡುತ್ತಾರೆ. ಆ ನಂಬರ್ ಹೇಳಿದರೆ ಇನ್ನೊಂದು ನಂಬರ್ ಕೊಡುತ್ತಾರೆ. ವಯಸ್ಸಾದವರು ಗಟಾರದಲ್ಲಿ ಕಾಲಿಡುತ್ತಿದ್ದಾರೆ. ಬೇಕಾದ ಕಡೆ ಕತ್ತಲು, ಕತ್ತಲು ಬೇಕಾದ ಕಡೆ ಹ್ಯಾಲೋಜನ್! ನಮ್ಮ ಮಾಳಿಗೆ ಮೇಲೇ ಕ್ಯಾಮೆರಾ ಇಡಬಹುದಿತ್ತು, ಆದರೆ ಮೂಲೆಯ ಹೋರ್ಡಿಂಗ್ ರಾತ್ರಿಯಿಡೀ ಆಕಾಶಕ್ಕೆ ಮುಖ ಮಾಡಿ ಉರಿಯುತ್ತದೆ. ಅದಕ್ಕೆ ಕರೆಂಟ್ ಹೋಗುವುದೇ ಇಲ್ಲ, ನಮ್ಮ ಮನೆಗೆ ಮಾತ್ರ ಹೋಗುತ್ತದೆ. ನೀರಿನ ವಿಷಯ ಬೇಡ ಬಿಡಿ, ಅದನ್ನು ಬರೆದರೆ ನಿಮ್ಮ ಪುಟ ಸಾಲುವುದಿಲ್ಲ.

ಲಡಾಖ್‌ನ ಹಾನ್ಲೆಯಲ್ಲಿ ಬೆಂಗಳೂರಿನ ಸಂಸ್ಥೆಯೊಂದು ನಡೆಸುವ ವೀಕ್ಷಣಾಲಯ ಇದೆ. 2022ರಲ್ಲಿ ಆ ಪ್ರದೇಶವನ್ನು ಕತ್ತಲ ಆಕಾಶದ ಸಂರಕ್ಷಿತ ಜಾಗ ಅಂತಲೇ ಘೋಷಿಸಿದರು. ಅಲ್ಲಿನ ಹಳ್ಳಿಯವರೇ ರಾತ್ರಿ ಬೆಳಕು ಹೊರಗೆ ಹೋಗದಂತೆ ನೋಡಿಕೊಳ್ಳುತ್ತಾರೆ. ನಮ್ಮವರಿಗೆ ಅಷ್ಟು ದೂರ ಹೋಗಿ ಅಂತ ಹೇಳುವುದಿಲ್ಲ. ಹೋದರೆ ಅದಕ್ಕೂ ಅಧ್ಯಯನ ಪ್ರವಾಸದ ಬಿಲ್ ಆಗುತ್ತದೆ.

ಸಂಬಂಧಪಟ್ಟವರು ಇನ್ನು ಮುಂದೆ ಇಂಥ ರಾತ್ರಿ ಕೆರೆ ದಂಡೆಯ ದೀಪ ಆರಿಸಿ, ಬೆಳಗಿನ ತನಕ ಜನರನ್ನು ಅಲ್ಲಿ ಬಿಡಬೇಕು. ನಮ್ಮ ಓಣಿಯ ದೀಪ ಹಚ್ಚಬೇಕು. ಹೋರ್ಡಿಂಗ್ ತೆಗೆಸಬೇಕು, ನಾಯಿ ಹಿಡಿಸಬೇಕು. ಬರುವ ಜನವರಿ 3-4ರ ಕ್ವಾಡ್ರಾಂಟಿಡ್ ಉಲ್ಕಾಮಳೆ ಹೇಗೂ ಹುಣ್ಣಿಮೆಗೆ ಸಿಕ್ಕಿ ಹೋಗುತ್ತದೆ, ಆವಾಗ ಎಷ್ಟು ಬೇಕಾದರೂ ಸನ್ಮಾನ ಮಾಡಿಕೊಳ್ಳಲಿ. ಏಪ್ರಿಲ್ 22ರ ಲಿರಿಡ್‌ಗೆ ಮಾತ್ರ ದಯವಿಟ್ಟು ಯಾವ ವ್ಯವಸ್ಥೆಯನ್ನೂ ಮಾಡಬೇಡಿ. ಇವರಿಗೆ ಹೇಳಿ ಏನು ಉಪಯೋಗ? ಮನೆ ಕರ ವಸೂಲಿಗೆ ಮಾತ್ರ ನಮ್ಮ ಓಣಿ ಕತ್ತಲಲ್ಲೂ ಸರಿಯಾಗಿ ಕಾಣುತ್ತದೆ.

ಇತಿ,
ಒಬ್ಬ ಸ್ಟುಡಿಯೋ ಮಾಲೀಕ, ವಿಜಯಪುರ