ಮಲಾವಿಯ ಮಕ್ಕಳಿಗೆ ಲೆಕ್ಕದ ಸರ, ಬಟ್ಟೆ ಚಾರ್ಟ್: ನಿಮ್ಮ ನೆರವು ಬೇಕು

ಆತ್ಮೀಯರೇ,

ಆಫ್ರಿಕಾದ ಆಗ್ನೇಯ ಭಾಗದಲ್ಲಿರುವ ಮಲಾವಿ ಪುಟ್ಟ ದೇಶ. 1994ರಲ್ಲಿ ಅಲ್ಲಿನ ಸರ್ಕಾರ ಪ್ರಾಥಮಿಕ ಶಾಲೆಯ ಫೀಸನ್ನು ತೆಗೆದುಹಾಕಿತು. ನೋಡನೋಡುತ್ತಲೇ ಹತ್ತು ಲಕ್ಷದ ಆಸುಪಾಸು ಮಕ್ಕಳು ಹೊಸದಾಗಿ ಶಾಲೆಗೆ ಬಂದರು. ಕೋಣೆ, ಪುಸ್ತಕ, ಶಿಕ್ಷಕರು ಮಾತ್ರ ಅಷ್ಟು ಬೇಗ ಬರಲಿಲ್ಲ. ಹಳ್ಳಿ ಶಾಲೆಗಳ ಒಂದನೇ ತರಗತಿಯಲ್ಲಿ ಒಬ್ಬರೇ ಟೀಚರ್, ಎದುರಿಗೆ ನೂರಕ್ಕೂ ಜಾಸ್ತಿ ಮಕ್ಕಳು ಅನ್ನುವುದು ಈಗಲೂ ಸಾಮಾನ್ಯ. ಎಷ್ಟೋ ಕಡೆ ಮರದ ನೆರಳಲ್ಲೇ ಪಾಠ.

ಅಲ್ಲಿನ ಟೀಚರ್‌ಗಳು ಕೈಕಟ್ಟಿ ಕೂತವರಲ್ಲ. ಸೋಡಾ ಬಾಟಲಿಯ ಮುಚ್ಚಳ ಕೊಟ್ಟು ಎಣಿಸಲು ಕಲಿಸುತ್ತಾರೆ. ಖಾಲಿ ಚೀಲ ಬಿಚ್ಚಿ, ಅದರ ಮೇಲೆ ಚಾರ್ಟ್ ಬರೆಯುತ್ತಾರೆ. ಇದನ್ನು ಓದುವಾಗ ನಮ್ಮ ಕೆಲವು ಶಿಕ್ಷಕರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ನೆನಪಾಗುತ್ತದೆ. ಕಾರ್ಡು, ಚಟುವಟಿಕೆಗಳ ಮೂಲಕ ಮಕ್ಕಳು ನಲಿಯುತ್ತಾ ಕಲಿಯುವ ನಲಿ-ಕಲಿ ಪದ್ಧತಿ 1995ರಲ್ಲಿ ಶುರುವಾದದ್ದು ಅಲ್ಲೇ ಅಲ್ವಾ? ಸರ್ಕಾರಿ ಶಾಲೆಯ ಮೇಷ್ಟ್ರುಗಳೇ ಕೂತು ಕಾರ್ಡು ಬರೆದರು, ಚಿತ್ರ ಕತ್ತರಿಸಿ ಅಂಟಿಸಿದರು. ಆ ಪದ್ಧತಿಯಲ್ಲಿ ಪಾಠ ಮಾಡಿ ನಿವೃತ್ತರಾದವರು, ಇನ್ನೂ ಸೇವೆಯಲ್ಲಿರುವವರು ನಮ್ಮ ಟ್ರಸ್ಟಿನಲ್ಲಿದ್ದಾರೆ. ಭಾನುವಾರಗಳಲ್ಲಿ ಸೇರಿ ಮಲಾವಿಯ ಮಕ್ಕಳಿಗಾಗಿ ಕಲಿಕಾ ಸಾಮಗ್ರಿ ಮಾಡುತ್ತಿದ್ದಾರೆ. ಯಾರೂ ಒಂದು ರೂಪಾಯಿ ತೆಗೆದುಕೊಳ್ಳುವುದಿಲ್ಲ.

ಅವರು ಮಾಡುತ್ತಿರುವ ಮಣಿಸರವನ್ನು ನೀವು ನೋಡಬೇಕು. ಐದು ಕೆಂಪು ಮಣಿ, ಐದು ಬಿಳಿ, ಮತ್ತೆ ಐದು ಕೆಂಪು. ಸುಮ್ನೆ ಚಂದಕ್ಕೆ ಹೀಗೆ ಪೋಣಿಸಿದ್ದಲ್ಲ. ಅಲ್ಲಿನ ಚಿಚೆವಾ ಭಾಷೆಯಲ್ಲಿ ಎಣಿಕೆ ಐದರ ಮೇಲೆ ನಿಂತಿದೆ. ಐದಾದ ಮೇಲೆ ಐದು ಮತ್ತು ಒಂದು, ಐದು ಮತ್ತು ಎರಡು ಅಂತ ಹತ್ತರವರೆಗೆ ಹೋಗುತ್ತಾರೆ. ಬಣ್ಣ ಐದಕ್ಕೆ ಬದಲಾದರೆ, ಮಗು ಬಾಯಲ್ಲಿ ಹೇಳಿದ್ದೇ ಕೈಯಲ್ಲೂ ಸಿಗುತ್ತದೆ. ನಮ್ಮಲ್ಲಿಯ ಹಾಗೆ ಹತ್ತತ್ತು ಮಣಿಗೆ ಬಣ್ಣ ಬದಲಿಸಿದ್ದರೆ ಅರ್ಧ ಉಪಯೋಗವೂ ಆಗುತ್ತಿರಲಿಲ್ಲ.

ಚಾರ್ಟುಗಳು ಕೋರಾ ಬಟ್ಟೆಯ ಮೇಲೆ. ಮರದ ಕೆಳಗಿನ ತರಗತಿಗೆ ಗೋಡೆಯಿಲ್ಲ. ನವೆಂಬರಿನಿಂದ ಏಪ್ರಿಲ್‌ವರೆಗೆ ಮಳೆ, ಕಾಗದ ಬಾಳುವುದಿಲ್ಲ. ಬಟ್ಟೆಯಾದರೆ ಕೊಂಬೆಗೆ ನೇತುಹಾಕಬಹುದು, ಪಾಠ ಮುಗಿದ ಮೇಲೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೋಗಬಹುದು. ಅಂಕಿಗಳು ಒಂದೊಂದು ಗೇಣು ಎತ್ತರ, ಕೊನೇ ಸಾಲಿನಲ್ಲಿ ಕೂತ ಮಗುವಿಗೂ ಕಾಣಬೇಕಲ್ಲ. ಚಿತ್ರಗಳಲ್ಲಿ ನಮ್ಮ ನವಿಲು, ಮಾವಿನ ತೋರಣ ಇಲ್ಲ. ಮೆಕ್ಕೆಜೋಳದ ತೆನೆ, ಗುದ್ದಲಿ, ಸರೋವರದ ದೋಣಿ, ಮೀನು ಇವೆ. ಓದು ಬರಹದ ಕಾರ್ಡುಗಳಿಗೆ ನಾವು ಕೈಹಾಕಿಲ್ಲ. ಆ ಭಾಷೆಯಲ್ಲಿ ಏನು ಬರೆಯಬೇಕೆಂದು ಅಲ್ಲಿನ ಟೀಚರ್‌ಗಳಿಗೇ ಗೊತ್ತು. ಅವರೇ ಬರೆದುಕೊಳ್ಳಲಿ ಅಂತ ಪ್ರತಿ ಕಟ್ಟಿನಲ್ಲೂ ಒಂದಷ್ಟು ಖಾಲಿ ಬಟ್ಟೆ, ಬಣ್ಣ ಇಡುತ್ತೇವೆ.

ನಮ್ಮೂರ ಶಾಲೆಗಳಿಗೇ ಬೇಕಾದಷ್ಟು ಕೊರತೆ ಇರುವಾಗ ಅಲ್ಲಿಗೇಕೆ ಅಂತ ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನಮ್ಮೂರ ಶಾಲೆಗಳ ಕೆಲಸ ನಿಂತಿಲ್ಲ, ಅದರ ದುಡ್ಡನ್ನು ಇದಕ್ಕೆ ಮುಟ್ಟುವುದೂ ಇಲ್ಲ. ಅದಕ್ಕೇ ಈ ಮನವಿ ಬೇರೆ. ನೂರು ಮಕ್ಕಳ ನಡುವೆ ಒಬ್ಬಳೇ ನಿಂತ ಟೀಚರ್‌ಗೆ ಕೈಗೊಂದು ಸಾಮಗ್ರಿ ಸಿಕ್ಕರೆ ಎಷ್ಟು ಹಗುರಾಗುತ್ತದೆ ಅಂತ ನಮ್ಮ ಶಿಕ್ಷಕರಿಗೆ ಅನುಭವದಿಂದ ಗೊತ್ತಿದೆ.

ದುಡಿಮೆ ಉಚಿತ, ಸಾಮಾನು ಉಚಿತವಲ್ಲ. ಬಟ್ಟೆ, ಫ್ಯಾಬ್ರಿಕ್ ಪೇಂಟ್, ಮಣಿ, ದಾರ ಕೊಳ್ಳಬೇಕು. ಎಲ್ಲಕ್ಕಿಂತ ಸಾಗಣೆಯೇ ಭಾರ. ಮಲಾವಿಗೆ ಸಮುದ್ರ ತೀರವಿಲ್ಲ. ಹಡಗಿನಲ್ಲಿ ಹೋದ ಸರಕು ಮೊಜಾಂಬಿಕ್ ಅಥವಾ ಟಾಂಜಾನಿಯಾದ ಬಂದರಿನಲ್ಲಿ ಇಳಿದು, ಅಲ್ಲಿಂದ ನೆಲದ ದಾರಿಯಲ್ಲಿ ಹೋಗಬೇಕು.

ನೂರು ರೂಪಾಯಿಯಾದರೂ ಸರಿ, ನಿಮ್ಮ ಶಕ್ತಿಯಷ್ಟು ಕೊಡಿ. ಹುಟ್ಟುಹಬ್ಬಕ್ಕೋ ಹಿರಿಯರ ನೆನಪಿಗೋ ಕೊಡುವುದಾದರೆ ಹೆಸರು ತಿಳಿಸಿ, ರಸೀದಿಯಲ್ಲಿ ಬರೆಯುತ್ತೇವೆ. ಈ ಕೆಲಸಕ್ಕೆ ಆದಾಯ ತೆರಿಗೆ ರಿಯಾಯಿತಿಯ (80ಜಿ) ರಸೀದಿ ಕೊಡುವುದಿಲ್ಲ, ದಯವಿಟ್ಟು ಗಮನಿಸಿ. ಖರ್ಚಿನ ಬಿಲ್ಲುಗಳನ್ನು ಯಾವಾಗ ಬೇಕಾದರೂ ಕಚೇರಿಗೆ ಬಂದು ನೋಡಬಹುದು. ಹೊಲಿಗೆ ಬರುವವರು ಭಾನುವಾರ ಬೆಳಿಗ್ಗೆ ಬಂದರೆ ಇನ್ನೂ ಸಂತೋಷ. ಅಂಚು ಹೊಲಿಯದ ಚಾರ್ಟುಗಳು ಸಾಕಷ್ಟು ಉಳಿದಿವೆ. ಮಿಷನ್ ಇಲ್ಲೇ ಇದೆ.

ಇಂತಿ,
ಟ್ರಸ್ಟಿನ ಶಿಕ್ಷಕ ಬಳಗ