ಗೆಳೆಯನಿಗೊಂದು ಪತ್ರ: ಬರೀ "ಸೂಪರ್" ಅಂದ್ರೆ ಯಾರಿಗೆ ಹತ್ತುತ್ತೆ?

ಲೋ ಗೆಳೆಯಾ,

ನಿನ್ನ ಉದ್ದದ ವಾಯ್ಸ್ ಮೆಸೇಜ್ ಪೂರ್ತಿ ಕೇಳ್ದೆ. ವಾಟ್ಸಾಪಲ್ಲೇ ಉತ್ತರ ಹಾಕೋಣ ಅಂತ ಕೂತೆ, ಆಮೇಲೆ ಇದು ಅಲ್ಲಿ ನಾಲ್ಕು ಸಾಲಲ್ಲಿ ಮುಗಿಯೋ ಮಾತಲ್ಲ ಅನ್ನಿಸ್ತು, ಅದಕ್ಕೇ ಈ ಪತ್ರ. ನಿನ್ನನ್ನ ಕೇಳೇ ಇಲ್ಲಿ ಹಾಕ್ತಿದೀನಿ, ಹೆಸರು ಗಿಸರು ಏನೂ ಬರ್ದಿಲ್ಲ, ಆಮೇಲೆ ಬೈಬೇಡ. ಟೀಮ್ ಲೀಡ್ ಆದ್ಮೇಲೆ ಟೀಮಲ್ಲಿ ನಗುನೇ ಕಮ್ಮಿ ಆಯ್ತು, ಮನೆಗೆ ಬಂದ್ರೆ ಅಲ್ಲೂ ಎಲ್ರೂ ಅವರವರ ಮೂಲೆ ಸೇರ್ಕೊಂಡಿರ್ತಾರೆ ಅಂತ ಒದ್ದಾಡೋನು ನೀನೊಬ್ಬನೇ ಅಲ್ಲ, ಓದೋರಲ್ಲೂ ಇಂಥೋರು ಬೇಕಾದಷ್ಟು ಜನ ಸಿಗ್ತಾರೆ.

ನೀನಂದಿದ್ದು ಇನ್ನೂ ಕಿವೀಲಿದೆ. "ನಾನು ಎಲ್ರನ್ನೂ ಎನ್ಕರೇಜ್ ಮಾಡ್ತಾನೇ ಇರ್ತೀನಿ ಕಣೋ, ಗ್ರೂಪಲ್ಲಿ ದಿನಾ ಗುಡ್ ಜಾಬ್ ಹಾಕ್ತೀನಿ, ಮಗಳಿಗೆ ಸೂಪರ್ ಅಂತೀನಿ, ಆದ್ರೂ ಯಾರಿಗೂ ಹತ್ತಲ್ಲ." ಹತ್ತಲ್ಲ, ಯಾಕಂದ್ರೆ ನೀನು ಹೊಗಳ್ತೀಯ ಆದ್ರೆ ನೋಡಲ್ಲ. ಒರಟಾಗಿ ಹೇಳ್ದೆ, ಆದ್ರೆ ನಮ್ಮಿಬ್ರ ಮಧ್ಯೆ ಸುತ್ತಿ ಬಳಸಿ ಮಾತಾಡೋದೇನಿದೆ.

ಕಳೆದ ಸಲ ನಿಮ್ಮನೆಗೆ ಬಂದಾಗ ನಾವಿಬ್ರೂ ಹರಟ್ತಾ ಕೂತಿದ್ವಲ್ಲ, ಮಗಳು ಹೊರಗಿಂದ ಓಡಿ ಬಂದ್ಲು, ಎರಡೂ ಕೈಗೆ ಗ್ರೀಸ್ ಮೆತ್ಕೊಂಡು ಕಪ್ಪಗೆ, ಕೆನ್ನೆ ಮೇಲೂ ಒಂದು ಗೆರೆ. "ಅಪ್ಪಾ, ಸೈಕಲ್ ಚೈನ್ ಕಳಚ್ಕೊಂಡಿತ್ತು, ನಾನೇ ಹಾಕ್ದೆ!" ಅಂದ್ಲು. ನೀನು ಫೋನಿಂದ ಕಣ್ಣೆತ್ತದೇನೇ "ಸೂಪರ್ ಕಂದಾ, ಕೈ ತೊಳ್ಕೋ ಹೋಗು, ಸೋಫಾ ಮುಟ್ಬೇಡ" ಅಂದೆ. ಬೈಲಿಲ್ಲ, ಹೊಗಳಿದ್ದೂ ಆಯ್ತು. ಆದ್ರೂ ಅವಳು ಬೆರಳೆಲ್ಲ ಬಿಡಿಸ್ಕೊಂಡು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ಲು ಮಾರಾಯ, ನಿಂಗೆ ಕಾಣ್ಲೇ ಇಲ್ಲ. ಆಮೇಲೆ ನಾನು "ಮೊದಲು ಹಿಂದಿನ ಚಕ್ರಕ್ಕೆ ಸಿಗಿಸಿದ್ಯಾ, ಪೆಡಲ್ ಹತ್ರದ್ದಕ್ಕಾ?" ಅಂತ ಕೇಳಿದ್ದೇ ತಡ, ನನ್ನ ಬಿಡ್ಲೇ ಇಲ್ಲ, ಮೊದಲು ಹೇಗೆ ಜಾರ್ತು, ಕಡ್ಡಿ ತಗೊಂಡು ಹೇಗೆ ಎತ್ತಿದೆ, ಪೆಡಲ್‌ನ ಕೈಯಲ್ಲಿ ತಿರುಗಿಸ್ದಾಗ ಅದು ಟಕ್ ಅಂತ ಹೇಗೆ ಕೂತ್ಕೊಳ್ತು, ಎಲ್ಲಾ ಹೇಳಿದ್ಲು. ನಾನು ಹೊಗಳೋ ಮಾತು ಒಂದೂ ಆಡಿರ್ಲಿಲ್ಲ, ಗೊತ್ತಾ.

ಇದು ನನ್ನ ತಲೇಲಿ ಹುಟ್ಟಿದ್ದಲ್ಲ. ಶೆಲ್ಲಿ ಗೇಬಲ್ ಅಂತ ಅಮೆರಿಕದ ಸೈಕಾಲಜಿಸ್ಟ್ ಒಬ್ರು, ಅವರು ಮತ್ತೆ ಅವರ ಜೊತೆಯವರು 2004ರಲ್ಲಿ ಇದನ್ನೇ ಬರ್ದಿದಾರೆ. ಒಬ್ರು ಖುಷಿ ಸುದ್ದಿ ತಂದಾಗ ಎದುರಿಗಿರೋರು ನಾಲ್ಕು ಥರ ಇರ್ತಾರಂತೆ. ಕೆಲವರು ಮೈಯೆಲ್ಲಾ ಕಿವಿಯಾಗಿ ಕೇಳಿ, ಇನ್ನೂ ಕೆದಕಿ ಕೇಳಿ, ಜೊತೆಗೆ ಖುಷಿ ಪಡ್ತಾರೆ. ಕೆಲವರು ಹೌದಾ ಒಳ್ಳೇದು ಅಂತ ಸುಮ್ನಾಗ್ತಾರೆ. ಇನ್ನು ಕೆಲವರು ಅದರಲ್ಲಿ ಕೊಂಕು ತೆಗೀತಾರೆ, "ಪ್ರಮೋಷನ್ನಾ, ಇನ್ಮೇಲೆ ಮನೆ ಕಡೆ ತಲೆ ಹಾಕಲ್ಲ ಬಿಡು" ಅನ್ನೋ ಥರ. ಉಳಿದೋರು ಕೇಳಿಸ್ಕೊಳ್ದೇ ಬೇರೆ ಮಾತು ತೆಗೀತಾರೆ. ಮೊದಲ್ನೇ ಥರದವರ ಸಂಬಂಧ ಮಾತ್ರ ಗಟ್ಟಿಯಾಗಿತ್ತು. ನಂಗೆ ಆಶ್ಚರ್ಯ ಆಗಿದ್ದು ಎರಡನೇದು, ಹೌದಾ ಒಳ್ಳೇದು ಅನ್ನೋದು ನಿರಪಾಯ ಅಂದ್ಕೊಂಡಿದ್ದೆ, ಅದೂ ಸಂಬಂಧ ಅಷ್ಟಕ್ಕಷ್ಟೇ ಇರೋರ ಕಡೆಗೇ ಬಿತ್ತು. ಆಮೇಲೆ 2006ರಲ್ಲಿ ಜೋಡಿಗಳನ್ನ ಕೂರಿಸ್ಕೊಂಡು ನೋಡಿದ್ರೆ, ಕಷ್ಟ ಹೇಳ್ಕೊಂಡಾಗ ಹೇಗೆ ಸಮಾಧಾನ ಮಾಡಿದ್ರು ಅನ್ನೋದಕ್ಕಿಂತ ಖುಷಿ ಹೇಳ್ಕೊಂಡಾಗ ಹೇಗೆ ಕೇಳಿದ್ರು ಅನ್ನೋದೇ ಸಂಬಂಧದ ಆರೋಗ್ಯವನ್ನ ಹೆಚ್ಚು ತೋರಿಸ್ತಿತ್ತಂತೆ. ಕಷ್ಟಕ್ಕೆ ನೀನು ಓಡಿ ಬರ್ತೀಯ, ಅದು ಎಲ್ರಿಗೂ ಗೊತ್ತು. ಖುಷಿಗೆ ಸ್ವಲ್ಪ ಸೋಮಾರಿ ನೀನು.

ಇನ್ನು ಆಫೀಸ್. ನನ್ನ ಹಳೇ ಕಂಪನೀಲಿ ಒಬ್ರು ಸೀನಿಯರ್ ಮೇಡಂ ಇದ್ರು, ಅವರ ಬಾಯಲ್ಲಿ ಗುಡ್ ಜಾಬ್ ಅನ್ನೋದೇ ಬರ್ತಿರ್ಲಿಲ್ಲ, ಶುರೂಲಿ ಈಯಮ್ಮ ಏನಪ್ಪಾ ಇಷ್ಟು ಬಿಗಿ ಅನ್ನಿಸ್ತಿತ್ತು. ಒಂದಿನ ರಿಪೋರ್ಟ್ ವಾಪಸ್ ಕೊಡ್ತಾ, "ಹೋದ ತಿಂಗಳ ಮೊತ್ತನೂ ಪಕ್ಕದಲ್ಲೇ ಇಟ್ಟು ತಾಳೆ ನೋಡಿದ್ಯಲ್ಲ, ಅದರಿಂದಾನೇ ಎರಡು ಸಲ ಬಿದ್ದಿರೋ ಬಿಲ್ ಸಿಕ್ತು, ಮುಂದಿನ ಸಲದಿಂದ ಎಲ್ರೂ ಹಾಗೇ ಮಾಡ್ಲಿ ಅಂತ ಹೇಳ್ತೀನಿ" ಅಂದ್ರು. ಅಷ್ಟೇ. ನಾನು ಇವತ್ತಿಗೂ ಹಳೇ ಮೊತ್ತ ಪಕ್ಕದಲ್ಲಿಟ್ಕೊಂಡೇ ಕೆಲಸ ಮಾಡೋದು. ನೀನು ಗ್ರೂಪಲ್ಲಿ ಎಂಟು ಜನಕ್ಕೂ ಸೇರಿಸಿ ಹಾಕೋ ಚಪ್ಪಾಳೆ ಎಮೋಜಿ ಮದುವೆ ಮನೆ ಬಾಗಿಲಲ್ಲಿ ಪನ್ನೀರು ಚಿಮುಕಿಸಿದ ಹಾಗೆ, ಎಲ್ರ ಮೇಲೂ ಬೀಳುತ್ತೆ, ಯಾರೂ ನೆನೆಯಲ್ಲ.

ಹಾಗಂತ ಹೊಗಳಿ ಅಟ್ಟಕ್ಕೇರಿಸೋಕೂ ಹೋಗ್ಬೇಡ. ನಿಮ್ಮ ಟೀಮಲ್ಲಿ ಆ ಹೊಸ ಹುಡುಗನ್ನ ನೀನು ಎಲ್ರ ಮುಂದೆ "ಇವನು ಜೀನಿಯಸ್ ಕಣ್ರಪ್ಪಾ" ಅಂತ ಪರಿಚಯ ಮಾಡಿಸ್ತೀಯ, ಈಗ ನೋಡಿದ್ರೆ ಅವನು ಕಷ್ಟದ ಕೆಲಸ ಮುಟ್ಟಲ್ಲ ಅಂತ ನೀನೇ ಗೊಣಗ್ತೀಯ. ಹೇಗೆ ಮುಟ್ತಾನೆ? ಎಡವಿದ್ರೆ ಜೀನಿಯಸ್ ಪಟ್ಟ ಹೋಗುತ್ತಲ್ಲ! ಕ್ಲಾಡಿಯಾ ಮುಲ್ಲರ್ ಮತ್ತೆ ಕ್ಯಾರಲ್ ಡ್ವೆಕ್ 1998ರಲ್ಲಿ ಐದನೇ ಕ್ಲಾಸಿನ ಮಕ್ಕಳ ಮೇಲೆ ಮಾಡಿದ ಪ್ರಯೋಗಗಳು ಇದೇ ಕಥೆ. ಪಜಲ್ ಬಿಡಿಸಿದ ಮಕ್ಕಳಲ್ಲಿ ಕೆಲವರಿಗೆ ನೀನು ಜಾಣ ಅಂದ್ರು, ಕೆಲವರಿಗೆ ಚೆನ್ನಾಗಿ ಶ್ರಮ ಪಟ್ಟೆ ಅಂದ್ರು. ಜಾಣ ಅನ್ನಿಸ್ಕೊಂಡೋರು ಮುಂದೆ ಕಲಿಯೋದಕ್ಕಿಂತ ಜಾಣತನ ಉಳಿಸ್ಕೊಳ್ಳೋ ಕೆಲಸಾನೇ ಹೆಚ್ಚು ಆರಿಸ್ಕೊಂಡ್ರು, ಒಂದು ಕಷ್ಟದ ಸುತ್ತಲ್ಲಿ ಸೋತ ಮೇಲೆ ಹೆಚ್ಚು ಕುಗ್ಗಿದ್ರು, ಅಷ್ಟೇ ಅಲ್ಲ, ಎಷ್ಟು ಅಂಕ ಬಂತು ಅಂದಾಗ ಸುಳ್ಳು ಹೇಳಿದವರೂ ಅವರಲ್ಲೇ ಜಾಸ್ತಿ. ದೊಡ್ಡೋರು ಬೇರೆ ಥರ ಇರ್ತಾರೆ ಅಂತ ನಂಗೇನೂ ಅನ್ಸಲ್ಲ.

ನಿಜವಾಗ್ಲೂ ನಂಗೆ ಚಿಂತೆ ಆಗಿದ್ದು ನೀನು ಕೊನೇಲಿ ಹೇಳಿದ್ದು, "ಕೆಲಸ ಕೈಮೀರಿದ ಮೇಲೇನೇ ನಂಗೆ ಗೊತ್ತಾಗೋದು, ಮುಂಚೆ ಯಾರೂ ಬಾಯಿ ಬಿಡಲ್ಲ". ಏಮಿ ಎಡ್ಮಂಡ್ಸನ್ ಅಂತ, ಆಸ್ಪತ್ರೆಗಳಲ್ಲಿ ಔಷಧಿ ಕೊಡೋದರಲ್ಲಿ ಆಗೋ ತಪ್ಪುಗಳನ್ನ ಸ್ಟಡಿ ಮಾಡ್ತಿದ್ರು, ಒಳ್ಳೆ ಟೀಮಲ್ಲಿ ತಪ್ಪು ಕಮ್ಮಿ ಇರ್ಬೇಕು ಅನ್ನೋದು ಅವರ ಲೆಕ್ಕ. ಬಂದಿದ್ದು ಉಲ್ಟಾ, ಒಳ್ಳೆ ಟೀಮ್‌ಗಳಲ್ಲೇ ತಪ್ಪಿನ ಲೆಕ್ಕ ಜಾಸ್ತಿ! ಆಮೇಲೆ ಹತ್ತಿರದಿಂದ ನೋಡಿದಾಗ ವಿಷಯ ತಿಳೀತು, ಅವರು ಹೆಚ್ಚು ತಪ್ಪು ಮಾಡ್ತಿದ್ರು ಅಂತಲ್ಲ, ಆದ ತಪ್ಪನ್ನ ಹೆದರದೇ ಹೇಳ್ಕೊಳ್ತಿದ್ರು, ಉಳಿದ ಕಡೆ ಮುಚ್ಚಿಡ್ತಿದ್ರು. ಇದಕ್ಕೇ ಅವರು 1999ರ ಲೇಖನದಲ್ಲಿ ಸೈಕಲಾಜಿಕಲ್ ಸೇಫ್ಟಿ ಅಂದಿದ್ದು. ಹಾಗಾಗಿ ಸೋಮವಾರದ ಮೀಟಿಂಗಲ್ಲಿ ಯಾರಾದ್ರೂ "ಸರ್, ಇದು ಶುಕ್ರವಾರದೊಳಗೆ ಆಗಲ್ಲ" ಅಂದ್ರೆ ನಿನ್ನ ಹುಬ್ಬು ಗಂಟಾಗುತ್ತಲ್ಲ, ಮೊದಲು ಅದನ್ನ ಸರಿ ಮಾಡ್ಕೋ. "ಈಗ್ಲೇ ಹೇಳಿದ್ದು ಒಳ್ಳೇದಾಯ್ತು, ಎಲ್ಲಿ ಸಿಕ್ಕಾಕೊಂಡಿದೆ ತೋರ್ಸು" ಅನ್ನು. ಒಬ್ಬನಿಗೆ ಹಾಗಂದ್ರೆ ಉಳಿದ ಏಳು ಜನ ಸುಮ್ನೆ ಕೂತು ನೋಡ್ತಿರ್ತಾರೆ, ಅವರ ಲೆಕ್ಕಾಚಾರ ಶುರುವಾಗೋದೇ ಅಲ್ಲಿಂದ. ಬೈಯೋದಿದ್ರೆ ಬೈ, ಬೇಡ ಅನ್ನಲ್ಲ, ಸಲೀಸಾಗಿ ಮಾಡ್ಬಹುದಾದ್ದನ್ನ ಮಾಡ್ದೇ ಬಿಟ್ಟೋನಿಗೆ ಒಬ್ಬನೇ ಇರುವಾಗ ಕರ್ದು ಬೈ. ಬರೀ ಸಿಹಿ ಮಾತಾಡೋ ಬಾಸ್‌ನ ಯಾರೂ ನಂಬಲ್ಲ.

ಅತ್ತಿಗೆ ವಿಷ್ಯಕ್ಕೆ ಬಂದ್ರೆ ನಾನು ಹೆಚ್ಚು ಹೇಳಲ್ಲ, ಅದು ನಿಮ್ಮಿಬ್ರದ್ದು. ಜಾನ್ ಗಾಟ್‌ಮನ್ ಅನ್ನೋರು ಗಂಡ ಹೆಂಡ್ತಿ ವಾದ ಮಾಡೋದನ್ನೇ ವರ್ಷಗಟ್ಟಲೆ ರೆಕಾರ್ಡ್ ಮಾಡಿ ನೋಡಿದವರು, ಚೆನ್ನಾಗಿ ಬಾಳೋ ಜೋಡಿಗಳಲ್ಲಿ ಜಗಳದ ಮಧ್ಯೆನೂ ಒಂದು ಕಹಿಗೆ ಸುಮಾರು ಐದು ಒಳ್ಳೇದು ಇರುತ್ತೆ ಅಂತಾರೆ, ಒಂದು ನಗು, ಒಂದು "ಹೌದು ನೀನು ಹೇಳೋದೂ ಸರಿ", ಇಂಥವು. ದಯವಿಟ್ಟು ಬೆರಳು ಮಡಚಿ ಎಣಿಸೋಕೆ ಹೋಗ್ಬೇಡ, ಅತ್ತಿಗೆಗೆ ಗೊತ್ತಾದ್ರೆ ಆರನೇದೂ ಕಹಿನೇ. ಅವರು ಸಂಜೆ ಕ್ಲಾಸ್ ಸೇರಿ ಪರೀಕ್ಷೆ ಕಟ್ಟಿದಾರಲ್ಲ, ಯಾವ ಪೇಪರ್ ಕಷ್ಟ ಅಂತ ನಿಂಗೆ ಗೊತ್ತಾ? ಗೊತ್ತಿಲ್ಲ ಅಂದ್ರೆ ಇವತ್ತು ರಾತ್ರಿ ಕೇಳು, ಕೇಳಿ ಬುದ್ಧಿವಾದ ಹೇಳ್ಬೇಡ.

ಇಷ್ಟೆಲ್ಲಾ ಕೊರೆದ್ನಲ್ಲ, ನಿಂಗೆ ಯಾರು ಹೇಳ್ತಾರೆ ಅನ್ನೋದೂ ನನ್ನ ತಲೇಲಿದೆ. ನಿನ್ನ ಮೇಲಿನೋರು ನಂಬರ್ ಬಿಟ್ಟು ಬೇರೇನೂ ಮಾತಾಡಲ್ಲ ಅಂದೆ. ಅದಕ್ಕೆ ನಾನೇ ಹೇಳ್ತೀನಿ ಕೇಳು. ಟೀಮಲ್ಲಿ ಒಬ್ಬರ ಅಮ್ಮ ಆಸ್ಪತ್ರೇಲಿದ್ದಾಗ ನೀನು ರಾತ್ರಿ ಶಿಫ್ಟ್ ಪಟ್ಟಿ ಪೂರ್ತಿ ಬದಲಾಯಿಸ್ದೆ, ಅವರ ಹೆಸರಿದ್ದ ಕಡೆಯೆಲ್ಲಾ ನಿನ್ನ ಹೆಸರು ಬರ್ಕೊಂಡೆ, ಗ್ರೂಪಲ್ಲಿ ಒಂದು ಮಾತೂ ಹಾಕ್ಲಿಲ್ಲ, ನಂಗೂ ಬೇರೆಯೋರಿಂದ ಗೊತ್ತಾಗಿದ್ದು. ಅವರು ಕೆಲಸ ಬಿಡೋಣ ಅಂತಿದ್ದೋರು ಇನ್ನೂ ಅಲ್ಲೇ ಇದಾರೆ. ಪಟ್ಟಿ ಬದಲಾಯಿಸುವಾಗ ಉಳಿದೋರ ಹೇಗೆ ಒಪ್ಪಿಸ್ದೆ ಅನ್ನೋದು ಮಾತ್ರ ನಂಗೆ ಇನ್ನೂ ಗೊತ್ತಾಗಿಲ್ಲ, ಭಾನುವಾರ ಫೋನ್ ಮಾಡ್ದಾಗ ಪೂರ್ತಿ ಹೇಳ್ಬೇಕು.

ಇಂತಿ ನಿನ್ನ
ತಲೆಹರಟೆ ಗೆಳೆಯ