ಸೇಂಟ್ ಮಾರ್ಟಿನ್ಸ್ ಪ್ಲೇಸಿನ ಕಲ್ಲಿನ ಮುಂದೆ ನಿಂತವಳಿಗೆ

ಹಾಸನ

ಚಿ. ಸುಮಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿಯ ಸಮಾಚಾರವನ್ನೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳಾದ್ದರಿಂದ ಅದನ್ನು ಮತ್ತೆ ಬರೆಯುವುದಿಲ್ಲ. ನಿನ್ನ ಪತ್ರದ ಕೊನೆಯಲ್ಲಿ, ಬರೆಯಲೋ ಬೇಡವೋ ಎಂಬಂತೆ ಸಣ್ಣ ಅಕ್ಷರಗಳಲ್ಲಿ ಬರೆದ ನಾಲ್ಕು ಸಾಲು ನನ್ನನ್ನು ಎರಡು ರಾತ್ರಿ ಮಲಗಗೊಡಲಿಲ್ಲ. "ನನ್ನನ್ನು ಮುಟ್ಟಬೇಡ, ನಿನ್ನ ದೇಶಕ್ಕೆ ಹೋಗು" ಎಂದ ಆ ಮುದುಕನ ಹಿಮ್ಮಡಿಯ ಹುಣ್ಣಿಗೆ ಮೂರು ವಾರದಿಂದ ಡ್ರೆಸಿಂಗ್ ಮಾಡುತ್ತಿದ್ದೀಯೆ, ಕೈ ತನ್ನ ಕೆಲಸ ಮಾಡುತ್ತದೆ, ಮನಸ್ಸು ಮಾತ್ರ ಅವನಿಗೆ ಕೇಡು ಬಯಸುತ್ತದೆ ಎಂದು ಬರೆದಿದ್ದೀಯೆ. ಡ್ಯೂಟಿ ಮುಗಿಸಿ ಬರುವಾಗ, ಮೊದಲ ಮಹಾಯುದ್ಧದಲ್ಲಿ ಜರ್ಮನರು ಗುಂಡಿಟ್ಟು ಕೊಂದ ಇಂಗ್ಲಿಷ್ ದಾದಿ ಎಡಿತ್ ಕ್ಯಾವೆಲ್‌ಳ ಲಂಡನ್ನಿನ ಸ್ಮಾರಕದ ಮುಂದೆ ನಿಂತು, "ದೇಶಭಕ್ತಿಯೊಂದೇ ಸಾಲದು, ಯಾರ ಮೇಲೂ ನನಗೆ ದ್ವೇಷವಾಗಲಿ ಕಹಿಯಾಗಲಿ ಇರಕೂಡದು" ಎಂಬ ಸಾಲನ್ನು ಓದಿ, ನರ್ಸಿನ ಉಡುಪು ತೊಡುವ ಯೋಗ್ಯತೆಯೇ ತನಗಿಲ್ಲವೆಂದು ಕಣ್ಣೀರಿಟ್ಟೆಯೆಂದೂ ಬರೆದಿದ್ದೀಯೆ.

ಆ ಕಲ್ಲು ನಿನ್ನನ್ನು ಹೀಗೆ ಅಳಿಸಿದ್ದೇಕೆಂದು ಸಿಕ್ಕಿದ್ದನ್ನೆಲ್ಲ ಹುಡುಕಿ ಓದಿದೆ. 1920ರ ಮಾರ್ಚ್ 17ರಂದು ರಾಣಿ ಅಲೆಕ್ಸಾಂಡ್ರಾ ಸ್ಮಾರಕವನ್ನು ಅನಾವರಣಗೊಳಿಸಿದಾಗ ಆ ಸಾಲು ಅಲ್ಲಿ ಇರಲೇ ಇಲ್ಲ. ಶಿಲ್ಪಿ ಜಾರ್ಜ್ ಫ್ರಾಂಪ್ಟನ್ ರೂಪಿಸಿದ ಅಮೃತಶಿಲೆಯ ದಾದಿ ಇದ್ದಳು, "ರಾಜನಿಗಾಗಿ, ದೇಶಕ್ಕಾಗಿ" ಎಂಬ ಮಾತಿತ್ತು, ಆಕೆಯನ್ನು ಕೊಂದ ಬ್ರಸೆಲ್ಸ್ ನಗರದ ಹೆಸರೂ 1915ರ ಅಕ್ಟೋಬರ್ 12ರ ಮುಂಜಾವೂ ಇದ್ದವು. ಆಕೆಯ ಸ್ವಂತ ಮಾತನ್ನು ಕೆತ್ತಿಸಿದ್ದು 1924ರಲ್ಲಿ, ಮಹಿಳೆಯರ ರಾಷ್ಟ್ರೀಯ ಮಂಡಳಿಯವರು ಕೇಳಿಕೊಂಡ ಮೇಲೆ. ಯುದ್ಧ ನಡೆಯುತ್ತಿದ್ದಾಗ ಜರ್ಮನರ ಮೇಲೆ ರೋಷ ಕೆರಳಿಸುವುದಕ್ಕೂ ಸೈನ್ಯಕ್ಕೆ ಹುಡುಗರನ್ನು ಸೇರಿಸುವುದಕ್ಕೂ ಆಕೆಯ ಸಾವನ್ನೇ ಭಿತ್ತಿಪತ್ರಗಳಲ್ಲಿ ಬಳಸಿಕೊಂಡಿದ್ದ ದೇಶ ಅದು. ದ್ವೇಷ ಬೇಡವೆಂದು ಆಕೆ ಹೇಳಿದ್ದನ್ನು ಸ್ಮಾರಕದ ಮೇಲೆ ಬರೆಸುವುದಕ್ಕೆ, ಸ್ಮಾರಕ ಎದ್ದ ಮೇಲೂ ನಾಲ್ಕು ವರ್ಷ ಹಿಡಿಯಿತು. ನಿನಗೆ ಮೂರೇ ವಾರದಲ್ಲಿ ಅದು ಕೈಗೂಡಬೇಕೆಂದರೆ ಹೇಗಮ್ಮ?

ಆಕೆ "ದ್ವೇಷವಿಲ್ಲ" ಎನ್ನಲಿಲ್ಲ, "ಇರಕೂಡದು" ಎಂದಳು. ಇನ್ನೂರರಷ್ಟು ಮಿತ್ರಪಕ್ಷದ ಸೈನಿಕರು ಜರ್ಮನರ ವಶದಲ್ಲಿದ್ದ ಬೆಲ್ಜಿಯಂನಿಂದ ತಪ್ಪಿಸಿಕೊಂಡು ಹೋಗಲು ನೆರವಾದವಳು. ಆಗಸ್ಟ್ ತಿಂಗಳ ಮೊದಲ ವಾರದಲ್ಲಿ ಸೆರೆಸಿಕ್ಕಿ ಸುಮಾರು ಹತ್ತು ವಾರ ಬಂಧನದಲ್ಲಿದ್ದಳು. ಗುಂಡಿಟ್ಟು ಕೊಲ್ಲುವ ಹಿಂದಿನ ಸಂಜೆ ತನ್ನನ್ನು ಕಾಣಲು ಬಂದ ಪಾದ್ರಿ ಗಾಹನ್ ಅವರಿಗೆ ಹೇಳಿದ ಮಾತಿದು. ಜರ್ಮನ್ ಗಾಯಾಳುಗಳಿಗೂ ಆಕೆಯ ಆಸ್ಪತ್ರೆಯಲ್ಲಿ ಶುಶ್ರೂಷೆ ನಡೆದಿತ್ತೆಂದು ನೆನೆದಾಗ, ಆ ಸಂಜೆ ಮನಸ್ಸು ಎಷ್ಟು ಹೊಯ್ದಾಡಿರಬೇಕು! ಎದೆಯಲ್ಲಿ ಇಲ್ಲವೇ ಇಲ್ಲದ್ದನ್ನು ಇರಕೂಡದೆಂದು ಯಾರೂ ತಮಗೆ ತಾವೇ ಹೇಳಿಕೊಳ್ಳುವುದಿಲ್ಲವೆಂದು ನನಗೆ ತೋರುತ್ತದೆ. ಇದು ನನ್ನ ಊಹೆ. ತಿಳಿದವರು ಬೇರೆ ಅರ್ಥ ಹೇಳಿಯಾರು.

ನಿನ್ನ ಹೆದರಿಕೆ ನನ್ನನ್ನು ಇಷ್ಟು ಕಾಡಿದ್ದಕ್ಕೆ ಕಾರಣವಿದೆ. ನಾನು ಕೆಲಸಕ್ಕೆ ಸೇರಿದ ಮೂರನೆಯ ವರ್ಷ, ಸೀಮೆಎಣ್ಣೆಯ ಬೆಂಕಿಯಲ್ಲಿ ಬೆಂದ ಹುಡುಗಿಯೊಬ್ಬಳು ನಮ್ಮ ವಾರ್ಡಿನಲ್ಲಿ ಮೂರು ದಿನ ನರಳಿ ತೀರಿಕೊಂಡಳು. ಅವಳ ಗಂಡ ಎರಡೂ ಕೈ ಸುಟ್ಟುಕೊಂಡು ಗಂಡಸರ ವಾರ್ಡಿನಲ್ಲಿದ್ದ. ಅವನೇ ಹಚ್ಚಿದನೆಂದು ಎಲ್ಲರೂ ಆಡಿಕೊಳ್ಳುತ್ತಿದ್ದರು, ನಾನೂ ನಂಬಿದ್ದೆ. ಅಂಟಿಕೊಂಡ ಬಟ್ಟೆಯನ್ನು ಸಲೈನಿನಲ್ಲಿ ನೆನೆಸಿ, ಸಡಿಲವಾದ ಮೇಲೆ ಬಿಡಿಸಬೇಕೆಂದು ನಿನಗೆ ನಾನು ಹೇಳಬೇಕಾಗಿಲ್ಲ. ಅಂದು ಬೆಳಿಗ್ಗೆ ನಾನು ಅದನ್ನು ಒಣಗಿದ್ದಂತೆಯೇ ಕಿತ್ತೆ. ಅವನು "ನಿಧಾನ, ಸಿಸ್ಟರ್" ಎಂದನೇ ಹೊರತು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಆ ಕೈಗಳು ಬೆಂದದ್ದು ಹಚ್ಚಲು ಹೋಗಿಯೋ ಆರಿಸಲು ಹೋಗಿಯೋ ಇಂದಿಗೂ ನನಗೆ ತಿಳಿಯದು. ಹಚ್ಚಿದ್ದನೆಂದೇ ಇಟ್ಟುಕೊಂಡರೂ ನಾನು ಮಾಡಿದ್ದು ಡ್ರೆಸಿಂಗ್ ಆಗಿರಲಿಲ್ಲ. ಇದನ್ನು ನಿನ್ನ ಅಮ್ಮನಿಗೂ ನಾನು ಹೇಳಿಲ್ಲ.

ಆದ್ದರಿಂದಲೇ ನಿನ್ನ ಪತ್ರವನ್ನು ಮತ್ತೆ ಮತ್ತೆ ತೆಗೆದು, ಕೈ ತನ್ನ ಕೆಲಸ ಮಾಡುತ್ತದೆ ಎಂದು ನೀನು ಬರೆದಲ್ಲಿಗೇ ಬಂದು ನಿಲ್ಲುತ್ತಿದ್ದೇನೆ. ನೀನು ಅದನ್ನು ಅವಮಾನವೆಂಬಂತೆ ಬರೆದಿದ್ದೀಯೆ. ನನಗೆ ಅಂದು ಅಷ್ಟೂ ಆಗಿರಲಿಲ್ಲ.

ಉಪದೇಶ ಮಾಡುವ ಅರ್ಹತೆ ನನಗಿದೆಯೋ ಇಲ್ಲವೋ, ಅಲ್ಲಿಯ ಆಸ್ಪತ್ರೆಗಳ ರೀತಿಯೂ ನನಗೆ ತಿಳಿಯದು. ಆದರೂ ಅವನು ಅಂದದ್ದನ್ನು ನುಂಗಿಕೊಂಡು ಇರಬೇಡ. ವಾರ್ಡಿನ ಮುಖ್ಯಸ್ಥೆಗೆ ಬರಹದಲ್ಲಿಯೇ ಕೊಡು. ದೂರು ಕೊಟ್ಟರೆ ದ್ವೇಷ ಸಾಧಿಸಿದಂತಾಗುತ್ತದೆಂಬ ನಿನ್ನ ಅಳುಕು ನನಗೆ ಸರಿಕಾಣಲಿಲ್ಲ. ಮನಸ್ಸು ತೀರಾ ಕೆಟ್ಟ ದಿನ ಅವನ ಹಾಸಿಗೆಯನ್ನು ಇನ್ನೊಬ್ಬಳಿಗೆ ವಹಿಸಿಕೊಡುವಂತೆ ಕೇಳು. ನಾನು ಕೇಳಬಹುದಿತ್ತು, ಬಿಗುಮಾನದಿಂದ ಕೇಳಲಿಲ್ಲ. ನೈಟ್ ಡ್ಯೂಟಿಗೆ ಬರಿಹೊಟ್ಟೆಯಲ್ಲಿ ಹೋಗಬೇಡ ಎನ್ನುವುದು ಮುದುಕಿಯ ಮಾತಾಯಿತು, ಇರಲಿ.

ಮುಂದಿನ ಸಲ ಆ ದಾರಿಯಲ್ಲಿ ಹೋದಾಗ, ನಾಲ್ಕು ವರ್ಷ ತಡವಾಗಿ ಕೆತ್ತಿದ ಅಕ್ಷರಗಳು ಮೊದಲಿನವುಗಳಿಗಿಂತ ಬೇರೆಯಾಗಿ ಕಾಣುತ್ತವೆಯೇ ಎಂದು ಹತ್ತಿರ ಹೋಗಿ ನೋಡು. ಆ ಮುದುಕನ ಹಿಮ್ಮಡಿ ಮಾಯುತ್ತಿದೆಯೇ ಎಂಬುದನ್ನೂ ಬರೆ.

ನಿನ್ನ ದೊಡ್ಡಮ್ಮ